ಹೊಸ ಅಂಕಿ, ಹಳೆಯ ವಿನ್ಯಾಸ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಆಟಕ್ಕೊದಗುವ ಲ್ಯಾಪ್‌ಟಾಪ್ ಹುಡುಕುತ್ತಿದ್ದೀರಾ? ಅಂಕಿ ದೊಡ್ಡದಾದಷ್ಟೂ ವೇಗ ಹೆಚ್ಚೆಂಬ ನಂಬಿಕೆಯನ್ನು ಮೊದಲು ಬಿಡಿ.

ಎಎಂಡಿಯ 'ರೈಜೆನ್ 5 7520ಯು' ಪ್ರೊಸೆಸರನ್ನೇ ನೋಡಿ. ಮೊದಲ ಅಂಕಿ 7 ಸೂಚಿಸುವುದು 2023ರ ಮಾದರಿ ಎಂಬುದನ್ನಷ್ಟೇ. ಒಳಗಿನ ವಿನ್ಯಾಸವನ್ನು ತಿಳಿಸುವುದು ಮೂರನೆಯ ಅಂಕಿ 2. ಅದು 2019ರಲ್ಲಿ ಬಂದ 'ಝೆನ್ 2'. ಕೋರ್‌ಗಳು ನಾಲ್ಕೇ. 2021ರ 'ರೈಜೆನ್ 5 5600ಎಚ್'ನಲ್ಲಾದರೋ 'ಝೆನ್ 3' ವಿನ್ಯಾಸದ ಆರು ಕೋರ್‌ಗಳಿವೆ! ಕೊಳ್ಳುವವರನ್ನು ದಾರಿತಪ್ಪಿಸುವ ಇಂಥ ಹೆಸರು ವಿಜ್ಞಾನವಲ್ಲ, ವ್ಯಾಪಾರ.

ಕೊನೆಯ ಅಕ್ಷರವನ್ನೂ ಓದಿ. ಇಲ್ಲಿ 'ಯು' 15 ವಾಟ್, 'ಎಚ್' 45 ವಾಟ್. ವಾಟ್ ಹೆಚ್ಚಿದಂತೆ ಶಾಖವೂ ಹೆಚ್ಚು. ನಮ್ಮ ಬೇಸಿಗೆಯಲ್ಲಿ ಅದು ಹೊರಹೋಗದಿದ್ದರೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸುತ್ತದೆ. ಆಟದ ಚಿತ್ರ ರಚಿಸುವ ಮುಖ್ಯ ಹೊಣೆ ಗ್ರಾಫಿಕ್ಸ್ ಚಿಪ್‌ನದು. ಉಳಿದ ಹಣ ಅದಕ್ಕಿರಲಿ, ದೊಡ್ಡ ಅಂಕಿಗಲ್ಲ.