ಕಾಗೋಡಿನ ಕೊಳಗವೂ ಎಡನೀರಿನ ಮೊಕದ್ದಮೆಯೂ

ಕೇಶವಾನಂದ ಭಾರತೀ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೭೩ನೆಯ ಇಸವಿ ಏಪ್ರಿಲ್ ೨೪ರಂದು ಕೊಟ್ಟ ತೀರ್ಪು ಲೋಕಪ್ರಸಿದ್ಧವಾದುದು. ಪ್ರಸಿದ್ಧ ಗ್ರಂಥಗಳಿಗೆ ಒದಗತಕ್ಕ ಅವಸ್ಥೆಯೇ ಇದಕ್ಕೂ ಒದಗಿರುವುದು. ಕೊಂಡಾಡುವವರು ಬಹುಮಂದಿ, ಓದುವವರು ವಿರಳ. ಪ್ರಜಾಪ್ರಭುತ್ವದಲ್ಲಿ ಅತ್ಯುಚ್ಚ ನ್ಯಾಯಸ್ಥಾನದ ಕಾರ್ಯವೇನೆಂಬ ಪ್ರಶ್ನೆ ಎದ್ದಾಗಲೆಲ್ಲ, ಸಂವಿಧಾನದ ‘ಮೂಲ ಸ್ವರೂಪ’ ಎಂಬ ಮಾತನ್ನು ಮಂತ್ರದಂತೆ ಉಚ್ಚರಿಸಿ ಚರ್ಚೆಯನ್ನು ಅಲ್ಲಿಗೇ ಮುಗಿಸುವ ರೂಢಿಯೊಂದು ಬೆಳೆದಿದೆ. ಆ ತೀರ್ಪನ್ನು ಒಂದು ಗ್ರಂಥವೆಂದು ಭಾವಿಸಿ ಅದರ ಗುಣದೋಷಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಈ ಕಾರ್ಯಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡು ಅನುಚಿತವಾದ ಸ್ಥಳವೇನೂ ಅಲ್ಲ. ಮೊಕದ್ದಮೆಯ ಮೂಲ ವಸ್ತು ನೆಲ ಮತ್ತು ಗೇಣಿ. ಸ್ವಾತಂತ್ರ್ಯಾನಂತರ ಕನ್ನಡನಾಡಿನಲ್ಲಿ ಗೇಣಿಯ ಪ್ರಶ್ನೆಯನ್ನು ಎಲ್ಲರ ಕಿವಿಗೂ ಬೀಳುವಂತೆ ಎತ್ತಿದ ಕಾಗೋಡು ಇದೇ ತಾಲ್ಲೂಕಿನ ಗ್ರಾಮ.

ಮೊದಲು ಮೊಕದ್ದಮೆಯ ಸಂಗತಿ. ಕಾಸರಗೋಡಿನ ಸಮೀಪದ ಎಡನೀರು ಮಠವು ಕನ್ನಡದ ಮಠ. ಯಕ್ಷಗಾನಕ್ಕೂ ಸಂಗೀತಕ್ಕೂ ಆಶ್ರಯವಿತ್ತ ಸ್ಥಳ. ೧೯೫೬ನೆಯ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಅದರ ಫಲವಾಗಿ ಮಠದ ಭೂಮಿಯು ೧೯೬೩ರ ಕೇರಳ ಭೂಸುಧಾರಣಾ ಶಾಸನಕ್ಕೂ ಅದಕ್ಕೆ ೧೯೬೯ರಲ್ಲಿ ಮತ್ತು ೧೯೭೧ರಲ್ಲಿ ಆದ ತಿದ್ದುಪಡಿಗಳಿಗೂ ಒಳಪಟ್ಟಿತು. ಗಡಿಯ ಗೆರೆ ಕೊಂಚ ದಕ್ಷಿಣಕ್ಕೆ ಸರಿದಿದ್ದರೆ ಇದೇ ಮಠದ ವ್ಯಾಜ್ಯ ಮೈಸೂರು ಸರ್ಕಾರದ ಮೇಲೆ ನಡೆಯಬೇಕಾಗುತ್ತಿತ್ತು. ಅಥವಾ ನಡೆಯದೆಯೇ ಇರಬಹುದಾಗಿತ್ತು. ಮಠಾಧಿಪತಿಗಳಾದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ೧೯೭೦ರಲ್ಲಿ ಅರ್ಜಿ ಹೂಡಿದರು. ಅರ್ಜಿ ವಿಚಾರಣೆಗೆ ಬರುವ ವೇಳೆಗೆ ಸಂಸತ್ತು ೨೪, ೨೫ ಮತ್ತು ೨೯ನೆಯ ತಿದ್ದುಪಡಿಗಳನ್ನು ಮಾಡಿತ್ತು. ಇವುಗಳಲ್ಲಿ ಕೊನೆಯದು ಕೇರಳದ ತಿದ್ದುಪಡಿ ಶಾಸನಗಳನ್ನು ಒಂಬತ್ತನೆಯ ಅನುಸೂಚಿಗೆ, ಎಂದರೆ ನ್ಯಾಯಾಲಯದ ಕೈಗೆಟುಕದ ಪೆಟ್ಟಿಗೆಗೆ, ಸೇರಿಸಿತು. ಹೀಗೆ ಒಂದು ಮಠದ ಗದ್ದೆತೋಟಗಳ ಪ್ರಶ್ನೆಯು ಸಂಸತ್ತು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದು ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು. ಹದಿಮೂರು ಮಂದಿ ನ್ಯಾಯಮೂರ್ತಿಗಳು ೬೮ ದಿವಸ ವಾದವನ್ನು ಕೇಳಿದರು. ಅರ್ಜಿದಾರರ ಪರವಾಗಿ ನಾನಿ ಪಾಲ್ಖಿವಾಲಾ, ಕೇರಳದ ಪರವಾಗಿ ಎಚ್. ಎಂ. ಸೀರವಾಯಿ.

ಇನ್ನು ತೀರ್ಪಿನ ಪಾಠ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಅಭ್ಯಾಸವುಳ್ಳವರಿಗೆ ಈ ತೀರ್ಪು ಪರಿಚಿತವಾದ ತೊಡಕನ್ನೇ ಒಡ್ಡುವುದು. ಇದು ಒಂದು ಗ್ರಂಥವಲ್ಲ. ಹನ್ನೊಂದು ಪ್ರತ್ಯೇಕ ಅಭಿಪ್ರಾಯಗಳ ಕಟ್ಟು. ಏಳು ಮಂದಿ ಒಂದು ಕಡೆ, ಆರು ಮಂದಿ ಮತ್ತೊಂದು ಕಡೆ. ಆ ಏಳು ಮಂದಿಯಲ್ಲಿಯೂ ಮೂಲ ಸ್ವರೂಪವೆಂದರೆ ಏನೆಂಬ ವಿಷಯದಲ್ಲಿ ಪಾಠಾಂತರಗಳು ಉಂಟು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ಪಟ್ಟಿಯಲ್ಲಿ ಸಂವಿಧಾನದ ಪರಮಾಧಿಕಾರ, ಗಣರಾಜ್ಯ ಮತ್ತು ಪ್ರಜಾಪ್ರಭುತ್ವದ ಸರ್ಕಾರ, ಮತನಿರಪೇಕ್ಷತೆ, ಅಧಿಕಾರಗಳ ವಿಭಜನೆ, ಒಕ್ಕೂಟದ ಸ್ವಭಾವ ಇವು ಬರುತ್ತವೆ. ಶೇಲಟ್ ಮತ್ತು ಗ್ರೋವರ್ ಅವರು ವ್ಯಕ್ತಿಯ ಘನತೆಯನ್ನೂ ದೇಶದ ಅಖಂಡತೆಯನ್ನೂ ಕೂಡಿಸುವರು. ನಮ್ಮ ಕಾರ್ಕಳ ಸೀಮೆಯ ಕೌಡೂರು ಸದಾನಂದ ಹೆಗ್ಡೆಯವರು ಮುಖರ್ಜಿಯವರೊಡನೆ ಬರೆದ ಅಭಿಪ್ರಾಯದಲ್ಲಿ ವ್ಯಕ್ತಿಸ್ವಾತಂತ್ರ್ಯದ ಸಾರಾಂಶಕ್ಕೂ ಕ್ಷೇಮರಾಜ್ಯವನ್ನು ಕಟ್ಟುವ ಆದೇಶಕ್ಕೂ ಒಟ್ಟಿಗೆ ಸ್ಥಾನ ದೊರೆತಿದೆ. ಈ ಎರಡನೆಯದನ್ನು ಗಮನಿಸತಕ್ಕದ್ದು. ಭೂಸುಧಾರಣೆಯನ್ನು ಎದುರಿಸಿ ಬಂದ ಅರ್ಜಿಯ ತೀರ್ಪಿನಲ್ಲಿ, ಭೂಸುಧಾರಣೆಯ ತಾಯಿಬೇರಾದ ತತ್ತ್ವವೇ ಮೂಲ ಸ್ವರೂಪದ ಅಂಗವೆಂದು ಎಣಿಕೆಯಾಗಿದೆ.

ಈ ಪಾಠಾಂತರಗಳ ಮೇಲೆ ‘ಬಹುಮತದ ಅಭಿಪ್ರಾಯ’ವೆಂಬ ಚಿಕ್ಕ ಸಂಗ್ರಹವೊಂದು ಸಿದ್ಧವಾಯಿತು. ಹದಿಮೂರರಲ್ಲಿ ಒಂಬತ್ತು ಮಂದಿ ಸಹಿ ಹಾಕಿದರು, ನಾಲ್ವರು ಹಾಕಲಿಲ್ಲ. ಹಾಕಿದವರಲ್ಲಿ ಭಿನ್ನಮತದವರೂ ಇದ್ದರು. ದೇಶವು ಇಂದು ನಿಯಮವೆಂದು ತಿಳಿದಿರುವುದು ಹೆಚ್ಚಾಗಿ ಈ ಸಂಗ್ರಹವನ್ನು, ಮೂಲಗ್ರಂಥವನ್ನಲ್ಲ. ತಕ್ಕಡಿಯನ್ನು ಒಂದು ಕಡೆಗೆ ಬಾಗಿಸಿದ ಖನ್ನಾ ಅವರ ಅಭಿಪ್ರಾಯಕ್ಕೆ ಅವರೇ ಟೀಕೆ ಬರೆಯಬೇಕಾದುದು ಇದಕ್ಕಿಂತಲೂ ವಿಚಿತ್ರವಾದ ಸಂಗತಿ. ಮೂಲಭೂತ ಹಕ್ಕುಗಳು ಮೂಲ ಸ್ವರೂಪಕ್ಕೆ ಹೊರಗೆಂದು ತಾವು ಹೇಳಿರಲಿಲ್ಲವೆಂದು ಅವರು ೧೯೭೫ರಲ್ಲಿ, ಇಂದಿರಾ ಗಾಂಧಿಯವರ ಚುನಾವಣಾ ಮೊಕದ್ದಮೆಯ ತೀರ್ಪಿನಲ್ಲಿ, ಸ್ಪಷ್ಟಪಡಿಸಿದರು. ಮೂಲಕಾರನೇ ಟೀಕಾಕಾರನಾದಾಗ ಗ್ರಂಥದಲ್ಲಿ ಅಸ್ಪಷ್ಟತೆಯಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗುವುದಿಲ್ಲ. ತೀರ್ಪಿನ ತತ್ತ್ವವನ್ನು ಒಪ್ಪುವ ನಾವೂ ಇದನ್ನು ರಚನೆಯ ದೋಷವೆಂದೇ ಹೇಳಬೇಕು. ಸಾಮಾನ್ಯ ಶಾಸನದ ವ್ಯಾಖ್ಯಾನದಲ್ಲಿ ಇಂತಹ ಸಡಿಲು ನಡೆದೀತು. ಚುನಾಯಿತ ಸಂಸತ್ತಿನ ಮೂರನೆಯ ಎರಡು ಪಾಲು ಬಹುಮತವನ್ನೂ ತಡೆಯಬಲ್ಲ ನಿಯಮವು ಇಷ್ಟು ಮಸಕಾಗಿರಬಾರದು.

ಅರ್ಜಿದಾರರಿಗೆ ದೊರೆತುದೇನು? ೨೪ನೆಯ ತಿದ್ದುಪಡಿ ಊರ್ಜಿತವಾಯಿತು. ೨೫ನೆಯದರ ಮೊದಲ ಭಾಗವೂ ಊರ್ಜಿತ. ಕೇರಳದ ಶಾಸನಗಳಿಗೆ ರಕ್ಷೆ ಕೊಟ್ಟ ೨೯ನೆಯದೂ ಊರ್ಜಿತ. ಬಿದ್ದುಹೋದುದು ೨೫ನೆಯದರ ಒಂದು ವಾಕ್ಯ ಮಾತ್ರ: ಶಾಸನವೊಂದು ನಿರ್ದೇಶಕ ತತ್ತ್ವಗಳ ಸಲುವಾಗಿ ಆದದ್ದೆಂದು ಶಾಸನಸಭೆಯೇ ಘೋಷಿಸಿದರೆ ನ್ಯಾಯಾಲಯವು ಅದನ್ನು ಪ್ರಶ್ನಿಸಕೂಡದೆಂಬ ವಾಕ್ಯ. ಭೂಸುಧಾರಣೆಯನ್ನು ತಡೆಯಲು ಬಂದವರ ಹೆಸರು ಭೂಸುಧಾರಣೆಗೆ ಬಾಗಿಲು ತೆರೆದ ತೀರ್ಪಿನ ಮೇಲೆ ಶಾಶ್ವತವಾಗಿ ನಿಂತಿತು. ಸ್ವಾಮಿಗಳು ೨೦೨೦ನೆಯ ಸೆಪ್ಟೆಂಬರಿನಲ್ಲಿ ದೈವಾಧೀನರಾದಾಗ ಪತ್ರಿಕೆಗಳು ಅವರನ್ನು ಸಂವಿಧಾನದ ರಕ್ಷಕರೆಂದು ಬರೆದವು. ಮಠದ ಭೂಮಿಯ ಮಾತನ್ನು ಎತ್ತಿದವರು ಕಡಮೆ.

ಆ ಬಿದ್ದುಹೋದ ವಾಕ್ಯದ ಬೆಲೆಯನ್ನು ತಿಳಿಯಬೇಕಾದರೆ ಕಾಗೋಡಿಗೆ ಬರಬೇಕು. ಅಲ್ಲಿ ೧೯೫೧ನೆಯ ಏಪ್ರಿಲ್ ೧೮ರಂದು ಆರಂಭವಾದ ಸತ್ಯಾಗ್ರಹದ ಕಾರಣ ಹೊರಗಿನವರಿಗೆ ಬಹಳ ಸಣ್ಣದಾಗಿ ಕಾಣುವುದು. ಗೇಣಿಯ ಭತ್ತವನ್ನು ಅಳೆಯತಕ್ಕ ಕೊಳಗದ ಪ್ರಮಾಣವೆಷ್ಟು ಎಂಬುದೇ ಜಗಳದ ಮೊದಲು. ಗೇಣಿ ಕೊಡುವುದಿಲ್ಲವೆಂದು ಗೇಣಿದಾರರಾದ ದೀವರು ಹೇಳಲಿಲ್ಲ. ನಿಗದಿಯಾದುದಕ್ಕಿಂತ ದೊಡ್ಡ ಕೊಳಗದಲ್ಲಿ ಅಳೆಯಬಾರದೆಂದರು. ಒಕ್ಕಲೆಬ್ಬಿಸಿದಾಗ ನೇಗಿಲು ಹೊತ್ತು ಗದ್ದೆಗಿಳಿದು ಸೆರೆಗೆ ಹೋದರು. ಎಚ್. ಗಣಪತಿಯಪ್ಪನವರ ಸಂಘಟನೆ, ಶಾಂತವೇರಿ ಗೋಪಾಲಗೌಡರ ನೇತೃತ್ವ, ಜೂನ್ ತಿಂಗಳಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರ ಆಗಮನ ಮತ್ತು ಬಂಧನ, ಇವು ವಾಚಕರಿಗೆ ತಿಳಿದ ವಿಷಯಗಳು. ಅಷ್ಟಾಗಿ ತಿಳಿಯದ ಒಂದು ಕಾಲಸಾಮ್ಯವಿದೆ. ಸತ್ಯಾಗ್ರಹ ಆರಂಭವಾಗಿ ಸರಿಯಾಗಿ ಎರಡು ತಿಂಗಳಿಗೆ, ೧೯೫೧ನೆಯ ಜೂನ್ ೧೮ರಂದು, ಸಂವಿಧಾನದ ಪ್ರಥಮ ತಿದ್ದುಪಡಿ ಜಾರಿಗೆ ಬಂದು, ಅದರೊಡನೆ ಒಂಬತ್ತನೆಯ ಅನುಸೂಚಿಯೂ ಹುಟ್ಟಿತು. ಎಡನೀರಿನವರು ಇಪ್ಪತ್ತು ವರ್ಷಗಳ ಅನಂತರ ಯಾವ ಪೆಟ್ಟಿಗೆಯನ್ನು ಬಡಿಯಬೇಕಾಯಿತೋ ಆ ಪೆಟ್ಟಿಗೆಯನ್ನು ದೆಹಲಿಯಲ್ಲಿ ಮಾಡುತ್ತಿದ್ದಾಗ ಕಾಗೋಡಿನವರು ಜೈಲಿನಲ್ಲಿದ್ದರು. ಎರಡಕ್ಕೂ ನೇರವಾದ ಕಾರ್ಯಕಾರಣ ಸಂಬಂಧವನ್ನು ನಾವು ಕಲ್ಪಿಸುವುದಿಲ್ಲ.

ಕೊಳಗದ ಜಗಳದಲ್ಲಿ ಅಡಗಿದ್ದ ಪ್ರಶ್ನೆಯೇ ೨೫ನೆಯ ತಿದ್ದುಪಡಿಯ ಆ ವಾಕ್ಯದಲ್ಲಿಯೂ ಅಡಗಿದ್ದಿತು. ಭತ್ತವನ್ನು ತೆಗೆದುಕೊಳ್ಳುವವನೇ ಕೊಳಗವನ್ನೂ ಹಿಡಿದರೆ ಅಳತೆಗೆ ಅರ್ಥವಿಲ್ಲ. ತನ್ನ ಶಾಸನವು ಸಂವಿಧಾನದ ಅಳತೆಗೆ ಸರಿಯಾಗಿದೆಯೆಂದು ಶಾಸನಸಭೆಯೇ ಹೇಳಿ ಅಷ್ಟಕ್ಕೆ ಮಾತು ಮುಗಿಯಬೇಕೆಂದರೆ, ಅಲ್ಲಿಯೂ ಆಗುವುದು ಇದೇ. ಸರ್ವೋಚ್ಚ ನ್ಯಾಯಾಲಯವು ೧೯೭೩ರಲ್ಲಿ ಮಾಡಿದ ಕೆಲಸವನ್ನು ಸಂಸತ್ತಿನ ಮೇಲಿನ ವಿಜಯವೆಂದು ವರ್ಣಿಸುವುದು ನಮಗೆ ಸರಿದೋರುವುದಿಲ್ಲ. ಭೂಮಿಯನ್ನು ಹಂಚುವುದು ಬಿಡುವುದು ಸಂಸತ್ತಿನ ಕೆಲಸವೆಂದು ಒಪ್ಪಿ, ಕೊಳಗವನ್ನು ಮಾತ್ರ ಅದರ ಕೈಯಿಂದ ತೆಗೆದಿಟ್ಟಿತು.

ಗೇಣಿದಾರರಿಗೆ ಭೂಮಿ ಬಂದುದು ನ್ಯಾಯಾಲಯದಿಂದಲ್ಲ ಎಂಬುದನ್ನೂ ಮರೆಯಬಾರದು. ತೀರ್ಪು ಹೊರಟ ಹತ್ತು ತಿಂಗಳಿಗೆ, ೧೯೭೪ನೆಯ ಮಾರ್ಚ್ ೧ರಂದು, ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಶಾಸನ ಜಾರಿಗೆ ಬಂದು ಗೇಣಿಯ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕುಳಿತವು. ಏಳನೆಯ ನಂಬರಿನ ಫಾರಂ ತುಂಬಿ ‘ಡಿಕ್ಲರೇಷನ್’ ಕೊಟ್ಟ ಗೇಣಿದಾರರು, ಅಸಿಸ್ಟೆಂಟ್ ಕಮಿಷನರ ಮತ್ತು ಸರ್ಕಾರ ನೇಮಿಸಿದ ಸದಸ್ಯರ ಮುಂದೆ ನಿಂತು ಮಾತಾಡಿದರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಬಾಯಿಮಾತಿನ ಗೇಣಿಯವನು ದಸ್ತಾವೇಜಿನ ಒಡೆಯನೆದುರು ಸೋಲದಿರಲೆಂದು ಶಾಸನವೇ ಹೀಗೆ ಕಟ್ಟು ಮಾಡಿತ್ತು. ಇದರ ಸಿಂಧುತ್ವವು ಪ್ರಶ್ನಿತವಾಗಿ ಸರ್ವೋಚ್ಚ ನ್ಯಾಯಾಲಯವು ೧೯೮೭ರಲ್ಲಿ, ಶ್ರೀನಿವಾಸ ರಾಘವಾಚಾರ್ ಮೊಕದ್ದಮೆಯಲ್ಲಿ, ಶಾಸನವನ್ನು ಎತ್ತಿಹಿಡಿಯಿತು; ವಕೀಲರನ್ನು ತಡೆದ ಉಪವಿಧಿಯನ್ನು ಮಾತ್ರ ತೆಗೆದುಹಾಕಿತು. ವಕೀಲ ವೃತ್ತಿಯ ವಿಷಯ ಕೇಂದ್ರದ ಶಾಸನಾಧಿಕಾರಕ್ಕೆ ಸೇರಿದ್ದೆಂಬ ಕಾರಣವು ಶಾಸ್ತ್ರದ ದೃಷ್ಟಿಯಿಂದ ನಿರ್ದುಷ್ಟವಾದುದೇ. ಆದರೂ, ಇಷ್ಟು ವಿಸ್ತಾರವಾದ ಶಾಸನದಲ್ಲಿ ನ್ಯಾಯಾಲಯದ ಕಣ್ಣಿಗೆ ಕುಂದಾಗಿ ಬಿದ್ದುದು ವಕೀಲರಿಗೆ ಮುಚ್ಚಿದ್ದ ಬಾಗಿಲೊಂದೇ ಎಂಬುದನ್ನು ಓದುವಾಗ ಮಲೆನಾಡಿನವನಿಗೆ ನಗು ಬಂದರೆ ತಪ್ಪೆನ್ನಲಾಗದು.

ಅಳತೆ ಕಾಯುವ ಕೆಲಸದಲ್ಲಿ ಈ ನ್ಯಾಯಾಲಯವು ಒಮ್ಮೆ ಕೈಚೆಲ್ಲಿದುದೂ ಉಂಟು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರ ಅರ್ಜಿಗಳನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ವಿಚಾರಣಾರ್ಹವೆಂದಿತು. ಇಂತಹ ಅರ್ಜಿಯನ್ನು ಯಾರೂ ಹೂಡಲಾರರೆಂದು ಸರ್ವೋಚ್ಚ ನ್ಯಾಯಾಲಯವು ೧೯೭೬ನೆಯ ಏಪ್ರಿಲ್ ೨೮ರಂದು ತೀರ್ಮಾನಿಸಿತು. ಭಿನ್ನಮತ ಖನ್ನಾ ಅವರೊಬ್ಬರದೇ. ಮೂಲ ಸ್ವರೂಪವನ್ನು ಕಂಡುಹಿಡಿದು ಮೂರು ವರ್ಷಗಳಾಗಿದ್ದವು! ಸಿದ್ಧಾಂತವು ಪುಸ್ತಕದಲ್ಲಿರುವುದು ಬೇರೆ, ಅದನ್ನು ಬಳಸುವ ಧೈರ್ಯ ಬೇರೆ.

ಇದಕ್ಕೆ ಎದುರಾಗಿ ೧೯೯೪ರ ಬೊಮ್ಮಾಯಿ ತೀರ್ಪನ್ನಿಟ್ಟು ನೋಡಬೇಕು. ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ೧೯೮೯ನೆಯ ಏಪ್ರಿಲ್ ೨೧ರಂದು ವಜಾ ಮಾಡಲಾಗಿದ್ದಿತು. ಸದನದಲ್ಲಿ ಬಲವನ್ನು ತೋರಿಸಲು ಅವರು ಕೇಳಿದ ಅವಕಾಶ ದೊರೆಯಲಿಲ್ಲ. ಬಹುಮತವನ್ನು ಎಣಿಸತಕ್ಕ ಸ್ಥಳ ರಾಜ್ಯಪಾಲರ ಕೊಠಡಿಯಲ್ಲ, ಶಾಸನಸಭೆಯ ಅಂಗಳ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಹೇಳುವ ವೇಳೆಗೆ ಐದು ವರ್ಷಗಳು ಕಳೆದಿದ್ದವು. ಬೊಮ್ಮಾಯಿಯವರಿಗೆ ಸರ್ಕಾರ ಮರಳಲಿಲ್ಲ. ಎಡನೀರಿಗೆ ಭೂಮಿ ಮರಳದಂತೆಯೇ. ಆದರೆ ಇಲ್ಲಿ ನ್ಯಾಯಾಲಯವು ಬಹುಮತವನ್ನು ತಾನೇ ಎಣಿಸಲು ಹೋಗದೆ ಎಣಿಕೆಯ ಸ್ಥಳವನ್ನು ಗೊತ್ತುಮಾಡಿತು. ನಮ್ಮ ಅಭಿಪ್ರಾಯದಲ್ಲಿ ಮೂಲ ಸ್ವರೂಪದ ಸಿದ್ಧಾಂತವು ಅತ್ಯಂತ ಹಿತಮಿತವಾಗಿ ಪ್ರಯೋಗವಾದುದು ಈ ತೀರ್ಪಿನಲ್ಲಿ.

ಹಾಗಾದರೆ ನ್ಯಾಯಾಲಯವೇ ಭತ್ತ ಕೊಳ್ಳುವವರ ಪಂಕ್ತಿಯಲ್ಲಿ ನಿಂತಾಗ ಕೊಳಗವನ್ನು ಹಿಡಿಯತಕ್ಕವರು ಯಾರು? ಈ ಪ್ರಶ್ನೆ ೨೦೧೫ನೆಯ ಅಕ್ಟೋಬರ್ ೧೬ರಂದು ಎದುರಾಯಿತು. ನ್ಯಾಯಾಧೀಶರನ್ನು ಆರಿಸುವುದರಲ್ಲಿ ನ್ಯಾಯಾಧೀಶರ ಮಾತೇ ಮೇಲೆಂಬ ಪದ್ಧತಿ ೧೯೯೩ರ ತೀರ್ಪಿನಿಂದ ಬಂದುದು. ಅದನ್ನು ಬದಲಿಸಿ ಆಯೋಗವೊಂದನ್ನು ಏರ್ಪಡಿಸಲು ಸಂಸತ್ತು ೯೯ನೆಯ ತಿದ್ದುಪಡಿಯನ್ನು ಮಾಡಿತ್ತು. ಅದು ಮೂಲ ಸ್ವರೂಪಕ್ಕೆ ವಿರುದ್ಧವೆಂದು ನಾಲ್ವರು ರದ್ದುಮಾಡಿದರು. ಚೆಲಮೇಶ್ವರ್ ಒಬ್ಬರು ಒಪ್ಪಲಿಲ್ಲ. ಆಯೋಗದ ರಚನೆಯಲ್ಲಿ ದೋಷಗಳು ಇದ್ದಿರಬಹುದು. ಆದರೆ ತನ್ನ ನೇಮಕದ ವಿಷಯದಲ್ಲಿ ತನ್ನದೇ ಕೊಳಗದಿಂದ ಅಳೆದು ತನ್ನ ಪಾಲು ಸರಿಯಾಗಿದೆಯೆಂದು ಹೇಳಿದಾಗ, ೧೯೭೩ರಲ್ಲಿ ಶಾಸನಸಭೆಗೆ ಹೇಳಿದ ಮಾತು ನ್ಯಾಯಾಲಯಕ್ಕೆ ನೆನಪಿರಬೇಕಾಗಿತ್ತು.

ಇದಕ್ಕೆ ಕೊಡತಕ್ಕ ಉತ್ತರ ಹಗುರವಾದುದಲ್ಲವೆಂಬುದನ್ನು ನಾವು ಬಲ್ಲೆವು. ಕೇಶವಾನಂದ ತೀರ್ಪು ಹೊರಬಿದ್ದ ಮರುದಿನವೇ ಸರ್ಕಾರವು ಶೇಲಟ್, ಹೆಗ್ಡೆ, ಗ್ರೋವರ್ ಈ ಮೂವರನ್ನು ದಾಟಿ, ಭಿನ್ನಮತದ ಪಕ್ಷದಲ್ಲಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಆರಿಸಿತು. ನೇಮಕವು ಸರ್ಕಾರದ ಕೈಯಲ್ಲಿದ್ದರೆ ಏನಾಗುವುದೆಂಬ ಭಯಕ್ಕೆ ಹೀಗೆ ಐತಿಹಾಸಿಕ ಆಧಾರವಿದೆ. ಆ ಭಯದಿಂದ ಮೂರನೆಯವರೊಬ್ಬರು ಅಳೆಯಬೇಕೆಂಬುದು ಸಿದ್ಧವಾಗುವುದೇ ಹೊರತು ನ್ಯಾಯಾಧೀಶರೇ ಅಳೆದುಕೊಳ್ಳಬೇಕೆಂಬುದು ಸಿದ್ಧವಾಗುವುದಿಲ್ಲ. ಆ ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಹೆಗ್ಡೆಯವರು ೧೯೭೭ರಲ್ಲಿ ಬೆಂಗಳೂರು ದಕ್ಷಿಣದ ಮತದಾರರ ಮುಂದೆ ನಿಂತು ಗೆದ್ದು, ಅದೇ ವರ್ಷ ಲೋಕಸಭೆಯ ಸಭಾಧ್ಯಕ್ಷರ ಪೀಠದಲ್ಲಿ ಕುಳಿತರು.