ಒಬ್ಬ ಒಳ್ಳೆಯ ಪೊಲೀಸನ ಕಥೆ ಸಾಕು

ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಪೊಲೀಸ್ ದೌರ್ಜನ್ಯದ ಮಾತು ಬಂದರೆ, ಚರ್ಚೆ ಶುರುವಾಗುವ ಮೊದಲೇ ಒಂದು ತೀರ್ಪು ಬಂದು ಕೂರುತ್ತದೆ. ಹೇಳಬೇಕಾದ್ದನ್ನೆಲ್ಲ ಫ್ರಾಂಕ್ ಮಿಲ್ಲರ್ 1987ರಲ್ಲೇ ‘ಬ್ಯಾಟ್‌ಮ್ಯಾನ್: ಇಯರ್ ಒನ್’ನಲ್ಲಿ ಹೇಳಿ ಮುಗಿಸಿದರು, ಆಮೇಲೆ ಬಂದವರೆಲ್ಲ ಅದರ ನೆರಳಲ್ಲಿ ಬರೆದವರು ಎಂಬ ತೀರ್ಪು. ಶ್ರೇಷ್ಠ ಕಾಮಿಕ್ಸ್‌ಗಳ ಪಟ್ಟಿ ಮಾಡುವವರು ಹೀಗೆನ್ನುತ್ತಾರೆ. ಕಾಮಿಕ್ಸ್ ಮುಟ್ಟದೆ ನೋಲನ್ ನಿರ್ದೇಶಿಸಿದ ಬ್ಯಾಟ್‌ಮ್ಯಾನ್ ಸಿನಿಮಾಗಳನ್ನಷ್ಟೇ ನೋಡಿದವರೂ ಹೀಗೆನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ‘ಇಯರ್ ಒನ್’ ಪೊಲೀಸರ ಹೊಡೆತವನ್ನು ಬಯಲಿಗೆಳೆಯಲಿಲ್ಲ, ಆ ಹೊಡೆತಕ್ಕೆ ಹೊಸದಾಗಿ ಮರ್ಯಾದೆ ತಂದುಕೊಟ್ಟಿತು.

ಕೃತಿಯನ್ನೇ ತೆರೆದು ನೋಡೋಣ. ಪೊಲೀಸ್ ಲೆಫ್ಟಿನೆಂಟ್ ಜಿಮ್ ಗಾರ್ಡನ್ ಬ್ಯಾಟ್‌ಮ್ಯಾನ್‌ನ ಊರಾದ ಗಾಥಮ್‌ಗೆ ವರ್ಗವಾಗಿ ಬರುತ್ತಾನೆ. ಕಮಿಷನರ್ ಲೋಬ್ ಲಂಚಕೋರ, ಜೊತೆಗಾರ ಡಿಟೆಕ್ಟಿವ್ ಫ್ಲಾಸ್ ರೌಡಿ. ಬಂದ ಹೊಸದರಲ್ಲೇ ಫ್ಲಾಸ್ ಬೀದಿಯಲ್ಲಿ ಒಬ್ಬ ಹುಡುಗನನ್ನು ಹಿಡಿದು ಚಚ್ಚುತ್ತಾನೆ. ಗಾರ್ಡನ್ ತಡೆಯುವುದಿಲ್ಲ. ಫ್ಲಾಸ್‌ನ ಏಟು ಯಾವ ತರಬೇತಿಯದು, ಎಷ್ಟು ಪಳಗಿದ ಕೈ ಎಂದು ಗಮನಿಸಿಕೊಳ್ಳುತ್ತಾನೆ. ಹೊಡೆಸಿಕೊಂಡ ಹುಡುಗನಿಗೆ ಹೆಸರಿಲ್ಲ, ಮಾತಿಲ್ಲ, ಮನೆಯಿಲ್ಲ, ಆ ಪುಟ ದಾಟಿದರೆ ಆಯುಷ್ಯವೂ ಇಲ್ಲ. ಗಾರ್ಡನ್‌ಗೆ ಮುಂದೊಂದು ದಿನ ಬೇಕಾಗುವ ಮಾಹಿತಿ ಒದಗಿಸುವುದಕ್ಕಷ್ಟೇ ಅವನು ಕಥೆಯೊಳಗೆ ಬಂದಿದ್ದಾನೆ.

ಆ ದಿನವೂ ಬರುತ್ತದೆ. ಮುಖ ಮುಚ್ಚಿಕೊಂಡ ಸಹೋದ್ಯೋಗಿಗಳು ಗಾರ್ಡನ್‌ಗೆ ಹೊಡೆದು, ಬಸುರಿ ಹೆಂಡತಿಯ ಹೆಸರೆತ್ತಿ ಬೆದರಿಸುತ್ತಾರೆ. ಗಾರ್ಡನ್ ದೂರು ಬರೆಯುವುದಿಲ್ಲ. ಹಿಮ ಬಿದ್ದ ರಸ್ತೆಯಲ್ಲಿ ಫ್ಲಾಸ್‌ನನ್ನು ಅಡ್ಡಗಟ್ಟುತ್ತಾನೆ, ಜಗಳ ಸರಿಸಮವಾಗಲೆಂದು ಬೇಸ್‌ಬಾಲ್ ಬ್ಯಾಟನ್ನು ಅವನ ಕೈಗೇ ಎಸೆಯುತ್ತಾನೆ, ಬರಿಗೈಯಲ್ಲಿ ಅವನನ್ನು ಬಡಿದು ಕೆಡವುತ್ತಾನೆ. ಬಟ್ಟೆ ಬಿಚ್ಚಿ, ಕೋಳ ತೊಡಿಸಿ, ಹಿಮದಲ್ಲಿ ಬಿಟ್ಟುಹೋಗುತ್ತಾನೆ. ಈ ಊರಿನಲ್ಲಿ ಪೊಲೀಸನಾಗಿರಲು ಏನು ಬೇಕೆಂದು ಕಲಿಸಿದ್ದಕ್ಕೆ ಮನಸ್ಸಿನಲ್ಲೇ ಫ್ಲಾಸ್‌ಗೆ ಕೃತಜ್ಞತೆ ಹೇಳಿಕೊಳ್ಳುತ್ತಾನೆ.

ಇಡೀ ಪುಸ್ತಕದ ನೀತಿ ಇಲ್ಲಿದೆ. ಠಾಣೆಯ ತೊಂದರೆ ಹೊಡೆತವಲ್ಲ, ಹೊಡೆಯುವವನು ಯಾರು ಎಂಬುದು. ಕೆಟ್ಟವನ ಕೈಯಿಂದ ಒಳ್ಳೆಯವನ ಕೈಗೆ ಹೊಡೆತ ವರ್ಗವಾದರೆ ಊರು ಸುಧಾರಿಸಿತು ಎಂದು ನಾವು ನಂಬಬೇಕು. ಓದುಗ ನಂಬುತ್ತಾನೆ, ಏಕೆಂದರೆ ಚಿತ್ರ ಬರೆದವರು ಡೇವಿಡ್ ಮಝುಕೆಲ್ಲಿ. ಅವರ ಗೆರೆಯಲ್ಲಿ ಒಂದು ಹನಿ ಶಾಯಿಯೂ ಹೆಚ್ಚಿಲ್ಲ, ರಿಚ್ಮಂಡ್ ಲೂಯಿಸ್ ಹಾಕಿದ ಬಣ್ಣ ಗಾಥಮ್‌ನ ಕೊಳೆಯನ್ನೂ ಚೆಲುವಾಗಿಸುತ್ತದೆ. ಈ ಚೆಲುವೇ ನನಗೆ ತಕರಾರು. ಇಷ್ಟು ಸುಂದರವಾಗಿ ಬರೆದ ಹೊಡೆತವನ್ನು ನೋಡಿದವನು ಅದರ ವಿರುದ್ಧ ಮಾತಾಡಲು ಬಾಯಿ ತೆರೆಯುವುದಿಲ್ಲ.

ಅದೇ ಪುಸ್ತಕದಲ್ಲಿ ಬ್ರಾಂಡನ್ ಎಂಬ ಅಧಿಕಾರಿಯ ಸಶಸ್ತ್ರ ಪಡೆ ಬ್ಯಾಟ್‌ಮ್ಯಾನ್‌ನನ್ನು ಹಿಡಿಯಲು ಹೋಗಿ ಹೆಲಿಕಾಪ್ಟರ್‌ನಿಂದ ಒಂದು ಪಾಳು ಕಟ್ಟಡದ ಮೇಲೆ ಬಾಂಬು ಹಾಕುತ್ತದೆ. ಅದಕ್ಕೆ ಎರಡು ವರ್ಷ ಮೊದಲು, 1985ರ ಮೇ 13ರಂದು, ಫಿಲಡೆಲ್ಫಿಯಾ ಪೊಲೀಸರು ನಿಜವಾಗಿಯೂ ಹೆಲಿಕಾಪ್ಟರ್‌ನಿಂದ ‘ಮೂವ್’ ಎಂಬ ಕಪ್ಪು ಜನರ ಸಂಘಟನೆಯ ಮನೆಯ ಮೇಲೆ ಬಾಂಬು ಹಾಕಿದ್ದರು. 5 ಮಕ್ಕಳೂ ಸೇರಿ 11 ಜನ ಸತ್ತರು, 61 ಮನೆ ಸುಟ್ಟು ಬೂದಿಯಾದವು. ಮಿಲ್ಲರ್ ಮನಸ್ಸಿನಲ್ಲಿ ಏನಿತ್ತೆಂದು ನಾನು ಊಹಿಸಲು ಹೋಗುವುದಿಲ್ಲ. ಪುಟದ ಮೇಲೆ ಏನಿದೆ ಎಂಬುದನ್ನಷ್ಟೇ ಹೇಳುತ್ತೇನೆ. ಉರಿಯುವ ಕಟ್ಟಡದೊಳಗೆ ಒಬ್ಬಂಟಿ ನಾಯಕ, ಅವನು ಗುಂಡಿನಿಂದ ಕಾಪಾಡುವ ಒಂದು ಬೆಕ್ಕು. ಆ ಬೆಕ್ಕನ್ನು ಎಲ್ಲ ಓದುಗರೂ ನೆನಪಿಟ್ಟುಕೊಂಡಿದ್ದಾರೆ. ಆ ಕಟ್ಟಡವಿರುವ ಬೀದಿಯಲ್ಲಿ ಯಾರು ಬದುಕುತ್ತಿದ್ದರೆಂದು ಕೇಳಿದವರಿಲ್ಲ.

ಪೊಲೀಸರ ವಿಚಾರದಲ್ಲಿ ಸೂಪರ್‌ಹೀರೋ ಕಾಮಿಕ್ಸ್ ಎಂಬ ಈ ಪ್ರಕಾರ ಹುಟ್ಟಿನಿಂದಲೇ ಅಂಜುಬುರುಕವೇನೂ ಅಲ್ಲ. 1938ರ ಮೊದಲ ಕಥೆಯಲ್ಲೇ ಸೂಪರ್‌ಮ್ಯಾನ್ ಗವರ್ನರನ ಮನೆ ಬಾಗಿಲು ಮುರಿದು ಒಳನುಗ್ಗಿ, ನಿರಪರಾಧಿ ಹೆಂಗಸೊಬ್ಬಳ ಮರಣದಂಡನೆ ನಿಲ್ಲಿಸಿದ. ಮರುವರ್ಷ ಸರ್ಕಾರ ಹೊಸ ಮನೆ ಕಟ್ಟಿಕೊಡಲೇಬೇಕಾಗುವಂತೆ ಒಂದು ಕೊಳೆಗೇರಿಯನ್ನೇ ಕೆಡವಿದ, ಪೊಲೀಸರೂ ಸೈನ್ಯವೂ ಅವನ ಬೆನ್ನುಹತ್ತಿದರು. ಅಧಿಕಾರದ ಜೊತೆ ರಾಜಿ ಮೊದಲು ಕಂಡದ್ದು ಬ್ಯಾಟ್‌ಮ್ಯಾನ್‌ನಲ್ಲಿ. 1941ರಲ್ಲಿ ಅವನನ್ನು ಗಾಥಮ್ ಪೊಲೀಸ್ ಇಲಾಖೆಯ ಗೌರವ ಸದಸ್ಯನನ್ನಾಗಿ ಮಾಡಿದರು. 1954ರಲ್ಲಿ ಬಂದ ಕಾಮಿಕ್ಸ್ ಕೋಡ್ ಬಾಗಿಲಿಗೆ ಬೀಗವನ್ನೇ ಜಡಿಯಿತು: ಪೊಲೀಸರನ್ನಾಗಲಿ ನ್ಯಾಯಾಧೀಶರನ್ನಾಗಲಿ ಅಗೌರವ ಹುಟ್ಟುವಂತೆ ತೋರಿಸಕೂಡದು. ಅದಕ್ಕೆ ಎರಡು ವರ್ಷ ಮೊದಲಷ್ಟೇ ಇಸಿ ಕಾಮಿಕ್ಸ್‌ನ ‘ಶಾಕ್ ಸಸ್ಪೆನ್‌ಸ್ಟೋರೀಸ್’ನಲ್ಲಿ ವಾಲಿ ವುಡ್ ಚಿತ್ರಿಸಿದ ‘ಕನ್‌ಫೆಷನ್’ ಬಂದಿತ್ತು. ನಿರಪರಾಧಿಯೊಬ್ಬನಿಗೆ ಬಡಿದು ಬಡಿದು ತಪ್ಪೊಪ್ಪಿಗೆ ಹೇಳಿಸುವ ಲೆಫ್ಟಿನೆಂಟನೇ ಅಲ್ಲಿ ಕೊಲೆಗಾರ. ಅಂಥ ಕಥೆ ಕೋಡ್ ಬಂದ ಮೇಲೆ ಅಚ್ಚಾಗುವ ಮಾತೇ ಇರಲಿಲ್ಲ. 1971ರಲ್ಲಿ ನಿಯಮ ಸ್ವಲ್ಪ ಸಡಿಲಾಯಿತು. ಭ್ರಷ್ಟ ಪೊಲೀಸನನ್ನು ತೋರಿಸಬಹುದು, ಆದರೆ ಅವನು ಅಪವಾದವಾಗಿರಬೇಕು, ಕೊನೆಗೆ ಶಿಕ್ಷೆಯಾಗಬೇಕು. ಗಾರ್ಡನ್ ಕಥೆಯನ್ನು ಈ ನಿಯಮದ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಭ್ರಷ್ಟರು ಬಹುಮತದಲ್ಲಿದ್ದಾರೆ, ಅಪವಾದವಾದವನು ಒಳ್ಳೆಯವನು. ಅಷ್ಟು ತಿರುಗಿಸಿದ್ದಕ್ಕೆ ಮಿಲ್ಲರ್‌ಗೆ ಕ್ರಾಂತಿಕಾರಿಯ ಪಟ್ಟ ಸಿಕ್ಕಿತು. ಬೇರುಮಟ್ಟದ ನಂಬಿಕೆ ಮಾತ್ರ ಹಾಗೇ ಉಳಿಯಿತು: ಇಲಾಖೆಯ ಹಣೆಬರಹ ಅಲ್ಲಿರುವ ವ್ಯಕ್ತಿಗಳ ಗುಣದಲ್ಲಿದೆ.

ಈ ನಂಬಿಕೆಯನ್ನು ಮುರಿದವರು ಡ್ವೇನ್ ಮೆಕ್‌ಡಫಿ. ಡೆಟ್ರಾಯಿಟ್‌ನಲ್ಲಿ 1962ರಲ್ಲಿ ಹುಟ್ಟಿ 2011ರಲ್ಲಿ, ಐವತ್ತು ತುಂಬುವ ಮುನ್ನವೇ ತೀರಿಕೊಂಡ ಈ ಬರಹಗಾರರು ಡೆನಿಸ್ ಕೊವನ್, ಮೈಕಲ್ ಡೇವಿಸ್, ಡೆರೆಕ್ ಡಿಂಗಲ್ ಜೊತೆ ಸೇರಿ ಕಟ್ಟಿದ ಮೈಲ್‌ಸ್ಟೋನ್ ಮೀಡಿಯಾದ ಪುಸ್ತಕಗಳು 1993ರಲ್ಲಿ ಹೊರಬಂದವು. ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನಿಗೆ ಹೊಡೆದ ಲಾಸ್ ಏಂಜಲೀಸ್ ಪೊಲೀಸರನ್ನು ಜ್ಯೂರಿ ಬಿಟ್ಟು ಕಳಿಸಿ, ಊರು ಹತ್ತಿ ಉರಿದು, 60ಕ್ಕೂ ಹೆಚ್ಚು ಜನ ಸತ್ತು ಆಗಿನ್ನೂ ಒಂದು ವರ್ಷ. ಮೈಲ್‌ಸ್ಟೋನ್ ಬಗ್ಗೆ ಬರೆಯುವವರು ಅದನ್ನು ಕಪ್ಪು ನಾಯಕರ ಪ್ರಾತಿನಿಧ್ಯದ ಅಧ್ಯಾಯಕ್ಕೆ ಸೇರಿಸಿ ಮುಂದೆ ಹೋಗುತ್ತಾರೆ. ಆ ಕಥಾಲೋಕದ ಬುನಾದಿಯಲ್ಲಿ ಏನಿದೆ ಎಂದು ನೋಡುವುದಿಲ್ಲ.

ಅಲ್ಲಿರುವುದು ಒಂದು ಪೊಲೀಸ್ ಅಪರಾಧ. ಡಕೋಟಾ ನಗರದ ಪ್ಯಾರಿಸ್ ಐಲ್ಯಾಂಡ್‌ನಲ್ಲಿ ಗ್ಯಾಂಗುಗಳು ಕಾದಾಟಕ್ಕೆ ಸೇರಿದ್ದಾಗ ಪೊಲೀಸರು ಅಶ್ರುವಾಯು ಸಿಡಿಸುತ್ತಾರೆ. ಓಡಿಹೋದವರನ್ನು ಆಮೇಲೆ ಗುರುತಿಸಿ ಹಿಡಿಯಲೆಂದು ಅದರಲ್ಲಿ ಪ್ರಯೋಗದ ಹಂತದ ವಿಕಿರಣಶೀಲ ವಸ್ತು ಬೆರೆಸಿದೆ. ಹೆಚ್ಚಿನವರು ಅಲ್ಲೇ ಸಾಯುತ್ತಾರೆ, ಉಳಿದವರ ಮೈ ರೂಪಾಂತರವಾಗಿ ಶಕ್ತಿ ಬರುತ್ತದೆ. ‘ಬಿಗ್ ಬ್ಯಾಂಗ್’ ಎಂದು ಹೆಸರಾದ ಈ ಘಟನೆಯಿಂದಲೇ ‘ಸ್ಟ್ಯಾಟಿಕ್’ನ ವರ್ಜಿಲ್ ಹಾಕಿನ್ಸ್ ಬಂದ, ‘ಬ್ಲಡ್ ಸಿಂಡಿಕೇಟ್’ನ ತಂಡ ಬಂತು. ಸ್ಪೈಡರ್‌ಮ್ಯಾನ್‌ಗೆ ಜೇಡ ಕಚ್ಚಿತು, ಹಲ್ಕ್‌ಗೆ ಗಾಮಾ ಬಾಂಬು ತಗುಲಿತು. ಡಕೋಟಾದ ಮಕ್ಕಳಿಗೆ ಸಿಕ್ಕಿದ್ದು ಪೊಲೀಸ್ ಇಲಾಖೆಯ ಅನಿಲ. ಇಲ್ಲಿ ಫ್ಲಾಸ್ ಎಂಬ ರೌಡಿಯನ್ನು ಹುಡುಕಿ ಪ್ರಯೋಜನವಿಲ್ಲ. ಆದೇಶವಿತ್ತು, ಕಂಪನಿ ಒದಗಿಸಿದ ಸರಕು ಇತ್ತು, ಗ್ಯಾಂಗಿನ ಹುಡುಗರ ಮೇಲೆ ಏನನ್ನು ಪ್ರಯೋಗಿಸಿದರೂ ನಡೆಯುತ್ತದೆ ಎಂಬ ಲೆಕ್ಕಾಚಾರವಿತ್ತು. ಪ್ರತಿಯೊಬ್ಬ ಪೊಲೀಸನೂ ಸಜ್ಜನನಾಗಿದ್ದರೂ ಆ ರಾತ್ರಿ ಅದೇ ನಡೆಯುತ್ತಿತ್ತು. 2000ದಲ್ಲಿ ಇದೇ ಕಥೆ ‘ಸ್ಟ್ಯಾಟಿಕ್ ಶಾಕ್’ ಎಂಬ ಟಿವಿ ಕಾರ್ಟೂನ್ ಆದಾಗ ಅನಿಲದ ಆ ಯೋಜನೆ ಮಾಯವಾಗಿ, ಬಂದರಿನ ರಾಸಾಯನಿಕ ಪೀಪಾಯಿಗಳ ಅವಘಡ ಅದರ ಜಾಗಕ್ಕೆ ಬಂತು. ಅಪರಾಧವನ್ನು ಅವಘಡ ಮಾಡಿದರೆ ಕಥೆಗೆ ಎಷ್ಟು ನಷ್ಟವೆಂದು ತಿಳಿಯಬೇಕಿದ್ದರೆ ಎರಡನ್ನೂ ಹೋಲಿಸಿ ನೋಡಬೇಕು.

ಮೆಕ್‌ಡಫಿ ಬರೆದು ಎಂ. ಡಿ. ಬ್ರೈಟ್ ಚಿತ್ರಿಸಿದ ‘ಐಕಾನ್’ನ ಮೊದಲ ಸಂಚಿಕೆ ನನ್ನ ಪಾಲಿಗೆ ಈ ವಿಷಯದ ಶ್ರೇಷ್ಠ ಬರಹ. ನಾಯಕ ಆಗಸ್ಟಸ್ ಫ್ರೀಮನ್ ಬೇರೆ ಲೋಕದವನು. 1839ರಲ್ಲಿ ಅವನ ನೌಕೆ ಅಮೆರಿಕದ ದಕ್ಷಿಣದಲ್ಲಿ ಬೀಳುತ್ತದೆ, ಗುಲಾಮಳೊಬ್ಬಳ ಕೈಗೆ ಮಗುವಿನ ರೂಪದಲ್ಲಿ ಸಿಗುತ್ತಾನೆ. ಈಗ ಶ್ರೀಮಂತ ವಕೀಲ, ರಾಜಕೀಯವಾಗಿ ಸಂಪ್ರದಾಯವಾದಿ. ದುಡಿದರೆ ಯಾರು ಬೇಕಾದರೂ ಮೇಲೆ ಬರಬಹುದೆಂದು ನಂಬಿದವನು. ಅವನ ಮನೆಗೆ ಕಳ್ಳತನಕ್ಕೆ ನುಗ್ಗಿದ ಬಡ ಹುಡುಗಿ ರಕೆಲ್ ಎರ್ವಿನ್ ಅವನ ಶಕ್ತಿ ಕಂಡು, ನೀನು ಜನರಿಗೆ ನೆರವಾಗಬೇಕು ಎಂದು ದುಂಬಾಲು ಬೀಳುತ್ತಾಳೆ. ಅವನು ಒಪ್ಪುತ್ತಾನೆ. ಇಬ್ಬರೂ ವೇಷ ತೊಟ್ಟು, ಸಂಕಟದಲ್ಲಿರುವ ಮೇಯರ್‌ಗೆ ನೆರವಾಗಲು ಹಾರಿಬರುತ್ತಾರೆ. ಪೊಲೀಸರು ಅವರಿಗೇ ಬಂದೂಕು ಗುರಿಯಿಡುತ್ತಾರೆ.

ಕಾನೂನನ್ನು ನಂಬಿದ ವಕೀಲ, ಯಾರಿಗೂ ಕೇಡು ಬಯಸದವನು, ಸೂಪರ್‌ಮ್ಯಾನ್‌ನಷ್ಟೇ ಬಲಶಾಲಿ. ಬಂದೂಕುಗಳು ನೋಡುವುದು ಅವನ ಮೈಬಣ್ಣವನ್ನು. ಆಘಾತ ಆಗಸ್ಟಸ್‌ಗೆ, ರಕೆಲ್‌ಗಲ್ಲ. ಅವಳು ಬೆಳೆದದ್ದೇ ಆ ಬಂದೂಕುಗಳ ಎದುರು. ಒಬ್ಬ ಪೊಲೀಸನನ್ನೂ ರಾಕ್ಷಸನನ್ನಾಗಿ ಬರೆಯದೆ, ಒಂದು ಹನಿ ರಕ್ತವನ್ನೂ ಚೆಲ್ಲದೆ ಮೆಕ್‌ಡಫಿ ಇಷ್ಟನ್ನು ಕಾಣಿಸುತ್ತಾರೆ. ಬ್ರೈಟ್ ಗೆರೆ ಮಝುಕೆಲ್ಲಿ ಗೆರೆಯಷ್ಟು ನಯವಾಗಿಲ್ಲ, ಮಾತು ಹೆಚ್ಚಾಯಿತು ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಪುಟದಲ್ಲಿ ಬಂದೂಕಿನ ಮುಂದೆ ನಿಂತವರಿಗೆ ಹೆಸರಿದೆ, ಮಾತಿದೆ, ಅಭಿಪ್ರಾಯವಿದೆ. ಗೆರೆಯ ನಯಕ್ಕಿಂತ ಇದು ದೊಡ್ಡದೆಂದು ನಾನು ತಿಳಿದಿದ್ದೇನೆ, ಉಳಿದ ಕೃತಿಗಳನ್ನೂ ಇದೇ ಅಳತೆಯಲ್ಲಿ ಅಳೆಯುತ್ತೇನೆ.

ಈ ಅಳತೆಗೆ ಗಾಥಮ್‌ನ ಬರಹಗಳಲ್ಲಿ ಸ್ವಲ್ಪವಾದರೂ ನಿಲ್ಲುವುದು ಎಡ್ ಬ್ರುಬೇಕರ್ ಮತ್ತು ಗ್ರೆಗ್ ರಕಾ ಬರೆದ, 40 ಸಂಚಿಕೆಗಳ ‘ಗಾಥಮ್ ಸೆಂಟ್ರಲ್’. ಸಹೋದ್ಯೋಗಿ ಕ್ರಿಸ್ಪಸ್ ಅಲೆನ್‌ನನ್ನು ಆರೋಪದಿಂದ ಪಾರುಮಾಡಲು ಡಿಟೆಕ್ಟಿವ್ ರೆನೆ ಮೊಂಟೊಯಾ, ಸಾಕ್ಷ್ಯ ಮಾರಿಕೊಳ್ಳುತ್ತಿದ್ದ ಕಾರಿಗನ್ ಎಂಬ ಭ್ರಷ್ಟನಿಗೆ ಬಡಿದು ಸತ್ಯ ಹೇಳಿಸುತ್ತಾಳೆ. ಆ ಬಡಿತದಿಂದಾಗಿಯೇ ಕಾರಿಗನ್ ಮೇಲಿನ ಕೇಸು ಬಿದ್ದುಹೋಗುತ್ತದೆ. ಹೊರಗುಳಿದ ಕಾರಿಗನ್ ಮುಂದೆ ಅಲೆನ್‌ನನ್ನೇ ಕೊಲ್ಲುತ್ತಾನೆ. ಗಾರ್ಡನ್ ಹಿಮದಲ್ಲಿ ಪಡೆದ ಚಪ್ಪಾಳೆಗೆ ಇಲ್ಲಿ ಸರಿಯಾದ ಉತ್ತರವಿದೆ: ಒಳ್ಳೆಯವಳ ಹೊಡೆತವೂ ಒಂದು ಹೆಣ ಬೀಳಿಸಿತು.

2015ರ ಹೊತ್ತಿಗೆ, ಕಪ್ಪು ಯುವಕನೊಬ್ಬ ಪೊಲೀಸನ ಗುಂಡಿಗೆ ಬಲಿಯಾದ ಫರ್ಗುಸನ್‌ನ ಪ್ರತಿಭಟನೆಗಳ ನಂತರ, ದೊಡ್ಡ ಪ್ರಕಾಶಕರೂ ಎಚ್ಚೆತ್ತರು. ‘ಆ್ಯಕ್ಷನ್ ಕಾಮಿಕ್ಸ್’ನ 42ನೇ ಸಂಚಿಕೆಯಲ್ಲಿ ಶಕ್ತಿ ಕುಂದಿದ ಸೂಪರ್‌ಮ್ಯಾನ್, ಟೀ ಶರ್ಟು ತೊಟ್ಟು ಜನರ ಪರವಾಗಿ ಪೊಲೀಸರ ಎದುರು ನಿಂತ. ನಾನು ಅದನ್ನು ಆಸೆಯಿಂದ ಓದಿದೆ. ಮುಂದಿನ ಸಂಚಿಕೆಗೆ ಆ ಕ್ರೂರ ಸಾರ್ಜೆಂಟ್ ನೆರಳಿನ ಜಾತಿಯ ರಾಕ್ಷಸನಾಗಿಬಿಟ್ಟ. ಮನುಷ್ಯ ಮಾಡಿದ ತಪ್ಪನ್ನು ಭೂತಕ್ಕೆ ಹೊರಿಸಿ ಕೈತೊಳೆದುಕೊಂಡದ್ದನ್ನು ನಾನು ಕ್ಷಮಿಸಲಾರೆ. ಅದೇ ವರ್ಷದ ‘ಬ್ಯಾಟ್‌ಮ್ಯಾನ್’ 44ನೇ ಸಂಚಿಕೆ ಇದಕ್ಕಿಂತ ಪ್ರಾಮಾಣಿಕ. ಪೊಲೀಸನ ಗುಂಡು ತಗುಲಿದ ಕಪ್ಪು ಹುಡುಗನ ಸಾವಿನ ಜಾಡು ಹಿಡಿದು ಹೋದ ಬ್ಯಾಟ್‌ಮ್ಯಾನ್‌ಗೆ, ವೇಷದ ಹಿಂದಿನ ತಾನೇ ಆದ ಬ್ರೂಸ್ ವೇನ್‌ನ ಅಭಿವೃದ್ಧಿ ಯೋಜನೆಯೂ ಆ ಬೀದಿಯನ್ನು ಹಾಳುಮಾಡಿದ್ದು ತಿಳಿಯುತ್ತದೆ. ನೂರು ಸಂಚಿಕೆಯಲ್ಲಿ ಬರಬೇಕಿದ್ದ ಮಾತು ಒಂದರಲ್ಲಿ ಬಂದು ನಿಂತುಹೋಯಿತು.

ಪನಿಶರ್‌ನ ವಿಷಯಕ್ಕೆ ಬಂದರೆ ಜಗಳ ಪುಟದಾಚೆ ಹೋಗುತ್ತದೆ. 1974ರಲ್ಲಿ ಗೆರಿ ಕಾನ್ವೆ ಸೃಷ್ಟಿಸಿದ ಈ ಕೊಲೆಗಾರನ ತಲೆಬುರುಡೆ ಲಾಂಛನವನ್ನು ಅಮೆರಿಕದ ಪೊಲೀಸರು ತಮ್ಮ ವಾಹನಗಳಿಗೆ ಅಂಟಿಸಿಕೊಂಡರು. ಕಾನ್ವೆ ಬಹಿರಂಗವಾಗಿ ಪ್ರತಿಭಟಿಸಿದರು. 2019ರ ಒಂದು ಸಂಚಿಕೆಯಲ್ಲಿ ಪನಿಶರ್ ತಾನೇ ಆ ಸ್ಟಿಕ್ಕರ್ ಹರಿದು, ನಿಮಗೆ ಮಾದರಿ ಬೇಕಾದರೆ ಕ್ಯಾಪ್ಟನ್ ಅಮೆರಿಕ ಇದ್ದಾನೆ ಎಂದು ಪೊಲೀಸರಿಗೆ ಹೇಳಿದ. ಲೇಖಕರು ಅಂಗಲಾಚಿದರೂ ಓದುಗ ಕೇಳಲಿಲ್ಲ. ಹೇಗೆ ಕೇಳುತ್ತಾನೆ? ವಿಚಾರಣೆಯಿಲ್ಲದ ಶಿಕ್ಷೆಯ ರುಚಿಯನ್ನು ಅವನಿಗೆ ದಶಕಗಟ್ಟಲೆ ಉಣಿಸಿದ್ದು ಇದೇ ಕಾಮಿಕ್ಸ್.

ಕತ್ತಲೆ ಹೆಚ್ಚಿದಷ್ಟೂ ಕೃತಿ ಪ್ರೌಢ, ಮೂಳೆ ಮುರಿದಷ್ಟೂ ವಾಸ್ತವ ಎಂಬ ಅಭಿರುಚಿ ‘ಇಯರ್ ಒನ್’ ಕಾಲದಲ್ಲಿ ಬೆಳೆಯಿತು, ಅಮೆರಿಕಕ್ಕೆ ಸೀಮಿತವಾಗಿಯೂ ಉಳಿಯಲಿಲ್ಲ. 1996ರ ಕನ್ನಡ ಸಿನಿಮಾ ‘ಪೊಲೀಸ್ ಸ್ಟೋರಿ’ಯಲ್ಲಿ ಸಾಯಿಕುಮಾರ್ ಅವರ ಪೊಲೀಸ್ ಪಾತ್ರ ಅಗ್ನಿ ಅಬ್ಬರಿಸಿದಾಗ ಶಿಳ್ಳೆ ಹೊಡೆದ ನಮಗೆ ಗಾರ್ಡನ್‌ನನ್ನು ಮೆಚ್ಚುವುದು ಕಷ್ಟವೇ ಅಲ್ಲ. ಲಾಕಪ್‌ನಲ್ಲಿ ಏಟು ತಿಂದವನ ಕಡೆಯಿಂದ ಕಥೆ ಕೇಳುವುದು ಕಷ್ಟ. ಆ ಕಷ್ಟ ತೆಗೆದುಕೊಳ್ಳದ ಅಭಿರುಚಿಯನ್ನು ಪ್ರೌಢವೆಂದು ಕರೆಯಲು ನಾನು ಸಿದ್ಧನಿಲ್ಲ.

ಮೈಲ್‌ಸ್ಟೋನ್‌ನ ಕಾಮಿಕ್ಸ್ ಪ್ರಕಟಣೆ 1997ರಲ್ಲಿ ನಿಂತಿತು. ಹಳೆಯ ಸಂಚಿಕೆಗಳನ್ನು ಪ್ರಕಾಶನ ಸಂಸ್ಥೆ ಡಿಸಿ ಈಚೆಗೆ ದಪ್ಪ ಸಂಪುಟಗಳಲ್ಲಿ ಮರುಮುದ್ರಿಸಿದೆ. ಗ್ರಾಫಿಕ್ ಕಾದಂಬರಿಯನ್ನು ಪಠ್ಯವಾಗಿಡುವ ನಮ್ಮ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಮಿಲ್ಲರ್‌ನನ್ನು ಒಂದು ವರ್ಷ ಬದಿಗಿಟ್ಟು ‘ಐಕಾನ್’ ಓದಿಸಿ.