ಚಿತ್ರದಲ್ಲಿ ಕೇಳಿಸದ ಸುತ್ತಿಗೆ

ಕಲೆಯಲ್ಲಿ ಕಾರ್ಮಿಕ ಬರುವುದು ಹೆಚ್ಚಾಗಿ ಎರಡು ವೇಷಗಳಲ್ಲಿ: ಮುಷ್ಟಿ ಬಿಗಿದ ವೀರನಾಗಿ, ಇಲ್ಲವೇ ಕನಿಕರಕ್ಕೆ ಪಾತ್ರನಾದ ಬಡಪಾಯಿಯಾಗಿ. ತನ್ನ ಕಸುಬನ್ನು ಚೆನ್ನಾಗಿ ಬಲ್ಲ ಮನುಷ್ಯನಾಗಿ ಆತ ಕಾಣಿಸಿಕೊಳ್ಳುವುದು ಅಪರೂಪ. ಇಂಗ್ಲೆಂಡಿನ ಚಿತ್ರಕಾರ ಸ್ಟಾನ್ಲಿ ಸ್ಪೆನ್ಸರ್ (1891-1959) ಬರೆದ 'ಶಿಪ್‌ಬಿಲ್ಡಿಂಗ್ ಆನ್ ದಿ ಕ್ಲೈಡ್' ಚಿತ್ರಮಾಲೆ ಈ ದೃಷ್ಟಿಯಿಂದ ದೊಡ್ಡ ಸಾಧನೆ. ಆದರೂ ಅದನ್ನು ನೋಡುತ್ತಾ ಹೋದಂತೆ ಒಂದು ಪ್ರಶ್ನೆ ಕಾಡುತ್ತದೆ. ಕೆಲಸವನ್ನು ಪೂಜಿಸುವ ಕಣ್ಣಿಗೆ ಕೆಲಸಗಾರನ ನೋವು ಕಾಣದೆ ಹೋಗುತ್ತದೆಯೇ?

1940ರಲ್ಲಿ ಬ್ರಿಟನ್ ಯುದ್ಧದಲ್ಲಿ ಮುಳುಗಿತ್ತು. ಯುದ್ಧದ ಚಿತ್ರಗಳನ್ನು ಬರೆಸಲು ಸರಕಾರ ನೇಮಿಸಿದ್ದ ಸಮಿತಿಯೊಂದು ಸ್ಪೆನ್ಸರನನ್ನು ಸ್ಕಾಟ್ಲೆಂಡಿನ ಪೋರ್ಟ್ ಗ್ಲಾಸ್ಗೋ ಪಟ್ಟಣಕ್ಕೆ, ಲಿಥ್‌ಗೋ ಕಂಪೆನಿಯ ಹಡಗುಕಟ್ಟೆಗೆ ಕಳುಹಿಸಿತು. ಕ್ಲೈಡ್ ನದಿಯ ದಂಡೆಯ ಊರು ಅದು. ಅಲ್ಲಿ ಸುತ್ತಾಡಿ ಆತ ಬರೆದದ್ದು ಸಮರನೌಕೆಗಳನ್ನಲ್ಲ, ಸೇನಾಪತಿಗಳನ್ನೂ ಅಲ್ಲ. ಉಕ್ಕಿನ ತಗಡು ಕತ್ತರಿಸುವವರು, ಬೆಸುಗೆ ಹಾಕುವವರು, ರಿವೆಟ್ ಬಡಿಯುವವರು, ಹಗ್ಗ ಕಟ್ಟುವವರು, ಕುಲುಮೆಯ ಮುಂದೆ ನಿಂತವರು ಆತನ ಚಿತ್ರಗಳಿಗೆ ವಸ್ತುವಾದರು. ಮೊದಲನೆಯದಾದ 'ಬರ್ನರ್ಸ್' 1940ರದು. 'ಫರ್ನೇಸಸ್' ಮುಗಿಯುವಾಗ 1946. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು.

ಈ ಜನರಲ್ಲಿ ಬಹುಪಾಲಿನವರನ್ನು ಬ್ರಿಟನ್ನಿನಲ್ಲಿ ಒಟ್ಟಾಗಿ ಕರೆಯುತ್ತಿದ್ದ ಹೆಸರು ಬಾಯ್ಲರ್‌ಮೇಕರ್ಸ್. ಹಡಗು ಕಟ್ಟುವವರಿಗೆ ಬಾಯ್ಲರ್ ಕಟ್ಟುವವರೆಂಬ ಹೆಸರೇಕೆ ಎಂದು ಓದುಗರು ಕೇಳಬಹುದು. ಹಬೆಯಂತ್ರದ ಬಾಯ್ಲರ್ ಎಂದರೆ ಬಗ್ಗಿಸಿದ ಕಬ್ಬಿಣದ ತಗಡುಗಳನ್ನು ಹಬೆ ಸೋರದಂತೆ ಒಂದಕ್ಕೊಂದು ಜೋಡಿಸಿದ ಪಾತ್ರೆ. ಮರದ ಹಡಗು ಹೋಗಿ ಕಬ್ಬಿಣದ ಹಡಗು ಬಂದಾಗ, ತಗಡು ಜೋಡಿಸುವ ವಿದ್ಯೆ ಬಲ್ಲವರು ಬಾಯ್ಲರ್ ಕಟ್ಟುವವರೇ ಆಗಿದ್ದರು. ಹೀಗಾಗಿ 1834ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಅವರ ಸಂಘವೇ ಮುಂದೆ ಹಡಗುಕಟ್ಟೆಗಳ ಬಲಿಷ್ಠ ಸಂಘವೂ ಆಯಿತು.

ಸ್ಪೆನ್ಸರನ ಕಣ್ಣು ಈ ವಿದ್ಯೆಯನ್ನು ಎಷ್ಟು ನಿಕಟವಾಗಿ ಕಂಡಿತ್ತೆಂಬುದಕ್ಕೆ 'ಬರ್ನರ್ಸ್' ಸಾಕ್ಷಿ. ಉಕ್ಕಿನ ಹಾಳೆಗಳ ಮೇಲೆ ಗಂಡಸರು ಕುಕ್ಕರುಗಾಲಲ್ಲಿ ಕುಳಿತಿದ್ದಾರೆ, ಬೋರಲಾಗಿ ಮಲಗಿದ್ದಾರೆ. ಕೈಯಲ್ಲಿ ಅನಿಲದ ಉರಿ. ಪ್ರತಿಯೊಬ್ಬನ ಕಣ್ಣೂ ತನ್ನ ಉರಿಯ ತುದಿಯಲ್ಲಿ ನೆಟ್ಟಿದೆ. 'ರಿವೆಟರ್ಸ್' ಒಂದು ಸುರುಳಿಯನ್ನು ಬಿಡಿಸಿಟ್ಟಂತೆ ಉದ್ದಕ್ಕೆ ಚಾಚಿದ ಚಿತ್ರ. ಅದರಲ್ಲಿ ಕೆಲವರು ದೊಡ್ಡ ಕೊಳವೆಗಳ ಒಳಗೇ ಮುದುಡಿಕೊಂಡು ಕೆಲಸ ಮಾಡುತ್ತಿದ್ದಾರೆ. ವೀರಭಂಗಿ ಎಲ್ಲೂ ಇಲ್ಲ. ಒರಟು ಬಟ್ಟೆಯ ನೆರಿಗೆ, ಬೂಟಿನ ಅಟ್ಟೆ, ಬಾಗಿದ ಬೆನ್ನು, ಎಲ್ಲದಕ್ಕೂ ಸಮನಾದ ಗಮನ ಸಿಕ್ಕಿದೆ. ಇಲ್ಲಿ ಮೈ ಉಕ್ಕಿನ ಆಕಾರಕ್ಕೆ ಹೊಂದಿಕೊಂಡು ಬಾಗುತ್ತದೆ. ಕಸುಬು ಎಂದರೆ ಇದೇ ಎಂಬುದು ಆ ಕೆಲಸ ಮಾಡಿದವರಿಗೆ ಗೊತ್ತು.

ಸ್ಪೆನ್ಸರ್ ಧಾರ್ಮಿಕ ಮನಸ್ಸಿನ ಕಲಾವಿದ. ದಿನನಿತ್ಯದ ಕೆಲಸದಲ್ಲೇ ಪವಿತ್ರವಾದುದನ್ನು ಕಾಣುವುದು ಆತನ ಸ್ವಭಾವ. ಹಡಗುಕಟ್ಟೆಯ ಚಿತ್ರಗಳಾದ ಮೇಲೆ ಆತ ಅದೇ ಪೋರ್ಟ್ ಗ್ಲಾಸ್ಗೋದ ಜನ ಗೋರಿಗಳಿಂದ ಎದ್ದು ಬರುವ ಪುನರುತ್ಥಾನದ ದೊಡ್ಡ ಚಿತ್ರವನ್ನೂ ಬರೆದ. ಆದ್ದರಿಂದ 'ಬರ್ನರ್ಸ್'ನ ಬಾಗಿದ ತಲೆಗಳನ್ನು ಪ್ರಾರ್ಥನೆಯ ಭಂಗಿಯೆಂದು ಓದುವುದು ಸಹಜ. ಈ ಓದು ತಪ್ಪಲ್ಲ. ಆದರೆ ಅರ್ಧ ಮಾತ್ರ.

ಚಿತ್ರಗಳನ್ನು ಇನ್ನೊಮ್ಮೆ ನೋಡಿ. ಇಷ್ಟೊಂದು ಜನ ಒತ್ತೊತ್ತಾಗಿ ಕೂಡಿದ್ದಾರೆ. ಆದರೆ ಅವರ ನಡುವೆ ಮಾತುಕತೆಯೆಂಬುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಒಬ್ಬೊಬ್ಬನೂ ತನ್ನದೇ ಮೌನದಲ್ಲಿ ಮುಳುಗಿದ್ದಾನೆ. ಇದು ಧ್ಯಾನದ ಮೌನವೇ?

ರಿವೆಟ್ ಬಡಿಯುವ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿದರೆ ಉತ್ತರ ಸಿಗುತ್ತದೆ. ಹುಡುಗನೊಬ್ಬ ರಿವೆಟನ್ನು ಕೆಂಪಗೆ ಕಾಯಿಸಿ ಕೊಡುತ್ತಾನೆ. ಅದನ್ನು ತೂತಿಗೆ ತೂರಿಸಿ, ಒಳಗಿನಿಂದ ಒಬ್ಬ ಭಾರವಾದ ಕಬ್ಬಿಣವನ್ನು ಒತ್ತಿ ಹಿಡಿಯುತ್ತಾನೆ. ಹೊರಗಿನಿಂದ ಸುತ್ತಿಗೆಯ ಏಟು ಬೀಳುತ್ತದೆ. ತಣಿಯುವಾಗ ರಿವೆಟ್ ಕುಗ್ಗಿ ಎರಡು ತಗಡುಗಳನ್ನೂ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಈ ಏಟುಗಳು ಬೀಳುವುದು ಟೊಳ್ಳಾದ ಕಬ್ಬಿಣದ ಮೇಲೆ. ಬಾಯ್ಲರಿನ ಒಳಗೆ ಕುಳಿತು ಒತ್ತಿ ಹಿಡಿದವನಿಗೆ ಅದು ಬಾರಿಸುತ್ತಿರುವ ಗಂಟೆಯ ಒಳಗೆ ದಿನವಿಡೀ ಕುಳಿತಂತೆ.

1886ರಲ್ಲಿ ಗ್ಲಾಸ್ಗೋದ ಕಿವಿಯ ವೈದ್ಯ ಥಾಮಸ್ ಬಾರ್ 100 ಮಂದಿ ಬಾಯ್ಲರ್‌ಮೇಕರುಗಳ ಕಿವಿ ಪರೀಕ್ಷಿಸಿದ. ಹೋಲಿಕೆಗಾಗಿ ಕಬ್ಬಿಣ ಎರಕ ಹೊಯ್ಯುವವರನ್ನೂ ಅಂಚೆಯವರನ್ನೂ ಪರೀಕ್ಷಿಸಿದ. ಬಾಯ್ಲರ್‌ಮೇಕರುಗಳಲ್ಲಿ ಒಬ್ಬನಿಗೂ ಸರಿಯಾದ ಶ್ರವಣಶಕ್ತಿ ಉಳಿದಿರಲಿಲ್ಲ. ಸಭೆಯಲ್ಲಿ ಕುಳಿತರೆ ಭಾಷಣ ಸರಿಯಾಗಿ ಕೇಳಿಸದವರೇ ಹೆಚ್ಚು. 'ಬಾಯ್ಲರ್‌ಮೇಕರರ ಕಿವುಡು' ಎಂಬುದು ಇಂಗ್ಲಿಷ್ ವೈದ್ಯರ ಬಾಯಲ್ಲಿ ಒಂದು ರೋಗದ ಹೆಸರೇ ಆಯಿತು.

ಅಂದರೆ, ಸ್ಪೆನ್ಸರ್ ಕ್ಲೈಡ್ ದಂಡೆಗೆ ಬರುವ 54 ವರ್ಷ ಮೊದಲೇ, ಅದೇ ನದಿಯ ದಂಡೆಯ ನಗರದಲ್ಲಿ ಈ ಸತ್ಯ ಮುದ್ರಣಗೊಂಡಿತ್ತು. ಆತ ಧ್ಯಾನವೆಂದು ಕಂಡ ಮೌನದಲ್ಲಿ ಒಂದಷ್ಟು ಪಾಲು ಕಿವುಡಿನದು. ಮಾತಾಡಿ ಪ್ರಯೋಜನವಿಲ್ಲದ ಜಾಗದ ಮೌನ ಅದು.

ಚಿತ್ರಕ್ಕೆ ಶಬ್ದವಿಲ್ಲ, ಅದಕ್ಕಾಗಿ ಚಿತ್ರಕಾರನನ್ನು ದೂರುವುದು ನ್ಯಾಯವೇ ಎಂದು ಯಾರಾದರೂ ಕೇಳಿಯಾರು. ದೂರುವುದು ನಮ್ಮ ಉದ್ದೇಶವಲ್ಲ. ಕುರುಡು ಉರಿಯಿಂದ ಕಣ್ಣು ಕಾಯುವ ಕನ್ನಡಕವನ್ನು ಸ್ಪೆನ್ಸರ್ ಮರೆಯದೆ ಬರೆದಿದ್ದಾನೆ. ಕಣ್ಣಿಗೆ ರಕ್ಷೆಯಿತ್ತು, ಆದ್ದರಿಂದ ಚಿತ್ರಕ್ಕೂ ಬಂತು. ಕಿವಿಗೆ ಏನೂ ಇರಲಿಲ್ಲ. ಆ ಇಲ್ಲದಿರುವಿಕೆಯನ್ನು ಆ ಕಾಲದಲ್ಲಿ ಯಾರೂ ಕೊರತೆಯೆಂದು ಎಣಿಸುತ್ತಲೂ ಇರಲಿಲ್ಲ. ಚಿತ್ರ ತನ್ನ ಕಾಲದ ಉದಾಸೀನವನ್ನೂ ಜೊತೆಗೇ ಹೊತ್ತುಕೊಂಡಿದೆ.

ಈ ಉದಾಸೀನದ ಬೆಲೆ ಎಷ್ಟೆಂಬುದು 1984ರಲ್ಲಿ ನ್ಯಾಯಾಲಯದಲ್ಲಿ ಲೆಕ್ಕಕ್ಕೆ ಬಂತು. ಕಿವಿ ಕಳೆದುಕೊಂಡ ಹಡಗುಕಟ್ಟೆಯ ಕಾರ್ಮಿಕರು ಪರಿಹಾರ ಕೇಳಿದ್ದರು. ಗದ್ದಲದ ಅಪಾಯದ ಬಗ್ಗೆ ಸರಕಾರ ಕಿರುಹೊತ್ತಗೆ ಹೊರಡಿಸಿದ 1963ರಿಂದ ಈಚೆಗೆ ಆದ ಹಾನಿಗೆ ಮಾತ್ರ ಮಾಲಕರು ಹೊಣೆ ಎಂದು ಇಂಗ್ಲೆಂಡಿನ ನ್ಯಾಯಾಧೀಶರು ತೀರ್ಪಿತ್ತರು. ಅದಕ್ಕೆ ಹಿಂದೆ ಇಡೀ ಉದ್ಯಮವೇ ಕಣ್ಣು ಮುಚ್ಚಿಕೊಂಡಿತ್ತು, ಒಬ್ಬ ಮಾಲಕನನ್ನು ಮಾತ್ರ ಹೊಣೆ ಮಾಡಲಾಗದು ಎಂಬುದು ಅದರ ತಿರುಳು. 1886ರಿಂದ 1963ಕ್ಕೆ 77 ವರ್ಷ. ಎಲ್ಲರೂ ಸೇರಿ ಮಾಡಿದ ತಪ್ಪು ಯಾರ ತಪ್ಪೂ ಆಗಲಿಲ್ಲ.

ಕಾಯಕದ ಹಿರಿಮೆಯನ್ನು ಸಾರಿದ ಕನ್ನಡ ನಾಡಿನವರಾದ ನಾವು ಇದರಿಂದ ಕಲಿಯಬೇಕಾದ್ದಿದೆ. ನಮ್ಮ ವಚನಕಾರರಲ್ಲಿ ಅಂಬಿಗರ ಚೌಡಯ್ಯ ಇದ್ದಾನೆ, ಮಾದಾರ ಚೆನ್ನಯ್ಯ ಇದ್ದಾನೆ. ಅಲ್ಲಿ ಕಸುಬು ಹೆಸರಿನ ಮುಂದೆ ನಿಂತಿದೆ. ಆದರೆ ಹೆಸರನ್ನು ನುಂಗಿಲ್ಲ. ಕಸುಬಿನವನೇ ತನ್ನ ಬಾಯಿಂದ ಮಾತಾಡಿದ್ದಾನೆ, ಸಿಟ್ಟನ್ನೂ ಆಡಿದ್ದಾನೆ. ಸ್ಪೆನ್ಸರನ ಚಿತ್ರಗಳ ಶೀರ್ಷಿಕೆಯಲ್ಲಿ ಕಸುಬು ಮಾತ್ರ ಉಳಿದಿದೆ. ಕಾಯಕವನ್ನು ಇನ್ನೊಬ್ಬರು ಹೊಗಳುವುದಕ್ಕೂ ಕಾಯಕದವನೇ ಮಾತಾಡುವುದಕ್ಕೂ ಇರುವ ಅಂತರ ಇದು. ಗದ್ದಲದಿಂದ ಬರುವ ಕಿವುಡು ಭಾರತದ ಕಾರ್ಖಾನೆ ಕಾಯಿದೆಯ ರೋಗಪಟ್ಟಿಗೆ ಹಿಂದೆಯೇ ಸೇರಿತ್ತು. ಆದರೆ ನಮ್ಮ ತಗಡು ಬಡಿಯುವ ಓಣಿಗಳಲ್ಲಿ, ಸಣ್ಣ ವರ್ಕ್‌ಶಾಪುಗಳಲ್ಲಿ ಕಿವಿಗೆ ರಕ್ಷೆಯಿಲ್ಲದೆ ದುಡಿಯುವವರನ್ನು ಇಂದಿಗೂ ಕಾಣಬಹುದು.

ಸ್ಪೆನ್ಸರನ ಚಿತ್ರಗಳನ್ನು ಮೆಚ್ಚಲೇಬೇಕು. ಉಕ್ಕಿನ ಮೇಲೆ ಬಾಗಿದ ಮನುಷ್ಯನಿಗೆ ಅಷ್ಟು ಮರ್ಯಾದೆ ಕೊಟ್ಟವರು ವಿರಳ. ಆದರೆ ಕುಶಲಕರ್ಮಿಗೆ ಸಲ್ಲಬೇಕಾದುದು ಮರ್ಯಾದೆಯೊಂದೇ ಅಲ್ಲ. ಆತನ ಕೈಚಳಕವನ್ನು ಕೊಂಡಾಡುವವರು ಆತನ ಕಿವಿಯ ಕ್ಷೇಮವನ್ನೂ ವಿಚಾರಿಸಬೇಕು, ಆತನಿಗೆ ಇನ್ನೂ ಕೇಳಿಸುತ್ತಿರುವಾಗಲೇ.